ಆಟ ಬಿಟ್ಟು ಏಳದ ರೈಟರು

ರೈಟರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ಬಣಕಲ್ಲಿನಿಂದ ಸ್ಪ್ರಿಂಕ್ಲರಿನ ಬಿಡಿಭಾಗ ಕೊಳ್ಳಲು ಬಂದಿದ್ದ ಗಿರಾಕಿ. "ನಿಮ್ ಪಕ್ಕದ ಬೀದಿಯವ್ರೇ ಅಲ್ವಾ? ನಿಮಗೇ ಗೊತ್ತಿಲ್ವಾ?" ಎಂದು ಅವರು ಹುಬ್ಬೇರಿಸಿದರು. ಮೂಡಿಗೆರೆಯಲ್ಲಿ ನಮ್ಮ ಹಾರ್ಡ್‌ವೇರ್ ಅಂಗಡಿಯಿಂದ ರೈಟರ ಮನೆ ಎರಡೇ ತಿರುವು. ಮಣ್ಣಾಗಿ ನಾಲ್ಕು ದಿನವಾಗಿತ್ತು. ಅಪ್ಪ ಹೋಗಿಯೂ ಬಂದಿದ್ದರು. ನನಗ್ಯಾಕೆ ಹೇಳಲಿಲ್ಲ ಎಂದು ಜಗಳಕ್ಕೆ ಹೋದರೆ, ಅಳತೆ ಮಾಡುತ್ತಿದ್ದ ಪೈಪಿನಿಂದ ತಲೆ ಎತ್ತದೆ, "ಅವ್ರ ಮಾತೆತ್ತಿದ್ರೆ ನೀನು ಎದ್ದು ಒಳಗೆ ಹೋಗ್ತಿದ್ದೆ. ಇನ್ನು ಯಾರಿಗೆ ಹೇಳ್ಲಿ?" ಎಂದರು. ಹೇಳಿದ್ದು ಸುಳ್ಳಲ್ಲ. ಆರು ತಿಂಗಳಿಂದ ನಾನು ಆ ಬೀದಿಗೆ ಕಾಲಿಡದೆ, ಬಸ್ ನಿಲ್ದಾಣದ ಕಡೆಯಿಂದ ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಿದ್ದೆ.

ಅವರಿಗೊಂದು ಹೆಸರಿತ್ತು. ಊರಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ. ನಾನೂ ಇಲ್ಲಿ ಬಳಸುವುದಿಲ್ಲ. ಅವರಿಗೆ ಸೇರಿದ್ದೊಂದನ್ನು ಕೇಳದೆ ಬಳಸಿಕೊಂಡದ್ದೇ ಸಾಕಾಗಿದೆ.

ನಮ್ಮ ಕಡೆಯ ಕಾಫಿ ಎಸ್ಟೇಟುಗಳಲ್ಲಿ ಆಳುಗಳ ಹಾಜರಿ, ದಿನದ ಕೆಲಸ, ಬಿದ್ದ ಮಳೆ ಎಲ್ಲವನ್ನೂ ಬರೆದಿಡುವ ಗುಮಾಸ್ತರಿಗೆ ರೈಟರು ಎನ್ನುತ್ತಾರೆ. ಇವರು ಬಣಕಲ್ ಹತ್ತಿರದ ದೊಡ್ಡ ತೋಟವೊಂದರಲ್ಲಿ ಹುಡುಗನಾಗಿ ಸೇರಿ ಮುದುಕರಾಗಿ ಹೊರಬಿದ್ದವರು. ಆಮೇಲೆ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಗಳ ಜೊತೆ ಮೂಡಿಗೆರೆಯಲ್ಲಿದ್ದರು. ತೋಟ ಬಿಟ್ಟರೂ ಮಳೆ ಬಿಡಲಿಲ್ಲ. ಮನೆಯ ತಾರಸಿಯ ಮೇಲೆ ಸ್ವಂತ ಮಳೆಮಾಪಕ ಇಟ್ಟುಕೊಂಡಿದ್ದರು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನೀರನ್ನು ಅಳತೆಯ ಗಾಜಿಗೆ ಸುರಿದು, ಗಾಜನ್ನು ಗೋಡೆಯ ಮೇಲಿಟ್ಟು, ನೀರಿನ ಮಟ್ಟಕ್ಕೆ ಕಣ್ಣು ಬರುವವರೆಗೆ ಮಂಡಿ ಬಗ್ಗಿಸಿ ನೋಡುತ್ತಿದ್ದರು. ಗಾಜನ್ನು ಕೈಯಲ್ಲಿ ಎತ್ತಿ ಹಿಡಿದು ನೋಡುವವರನ್ನು ಕಂಡರೆ ಅವರಿಗಾಗದು. "ಮಳೆ ನಮ್ ಎತ್ತರಕ್ಕೆ ಬರಲ್ಲ, ನಾವು ಅದ್ರ ಎತ್ತರಕ್ಕೆ ಬಗ್ಗಬೇಕು" ಎನ್ನುತ್ತಿದ್ದರು. ಮಂಡಿನೋವು ಬಂದ ಮೇಲೂ ಬಗ್ಗುವುದು ನಿಲ್ಲಲಿಲ್ಲ, ಏಳುವುದು ಮಾತ್ರ ತಡವಾಗುತ್ತಿತ್ತು.

ಎಂಟೂವರೆಗೆ ನಮ್ಮ ಅಂಗಡಿಗೆ ಪೇಪರ್ ಓದಲು ಬರುವರು. ಇಲ್ಲಿ ಇಬ್ಬರು ಬೆಳೆಗಾರರು ಸೇರಿದರೆ ಮೊದಲ ಮಾತು ಆರೋಗ್ಯದ್ದಲ್ಲ, "ನಿಮ್ಮಲ್ಲಿ ಎಷ್ಟಾಯ್ತು?" ಎಂಬುದು. ಇಂಚು, ಇಂಚಿನ ನೂರರಲ್ಲೊಂದು ಭಾಗವಾದ ಸೆಂಟು, ಇವುಗಳಲ್ಲಿ ಉತ್ತರ ಬರಬೇಕು. ನಮ್ಮ ಅಂಗಡಿಯ ಗಿರಾಕಿಗಳು ಒಂದಿಂಚಿಗೆ ಹತ್ತು ಸೆಂಟು ಸೇರಿಸುವವರು, ಪಕ್ಕದ ತೋಟಕ್ಕಿಂತ ತಮ್ಮದು ಕಡಿಮೆಯಾಗಬಾರದಲ್ಲ. ರೈಟರು ಬಾಯಿಬಿಟ್ಟರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಿದ್ದರು. ಯಾರಾದರೂ, "ಕಳಸದ ಕಡೆ ಅಂದಾಜು ಎಷ್ಟಾಗಿರ್ಬೋದು ರೈಟ್ರೇ?" ಎಂದರೆ, "ಅಂದಾಜು ನಾನು ಹೇಳಲ್ಲ" ಎಂದು ಪೇಪರ್ ಎತ್ತಿಕೊಳ್ಳುತ್ತಿದ್ದರು. ಆ ಮಾತಿನಲ್ಲಿ ಇಷ್ಟು ಖಾರ ಯಾಕೆ ಎಂದು ನನಗೆ ಆಗ ತಿಳಿದಿರಲಿಲ್ಲ.

ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಫೋನಿನ ಆಟಗಳನ್ನು ಮಾಡುತ್ತೇನೆ. ದೊಡ್ಡವೇನಲ್ಲ. ಆಲ್ದೂರಿನ ಗೆಳತಿಯೊಬ್ಬಳು ಚಿತ್ರ ಬರೆದುಕೊಡುತ್ತಾಳೆ, ಉಳಿದದ್ದು ನನ್ನದು. ಅಪ್ಪನ ಗಿರಾಕಿಗಳ ಪ್ರಕಾರ ಮೂವತ್ತು ದಾಟಿದರೂ ಫೋನು ಹಿಡಿದು ಆಡುತ್ತಾ ಕೂತ ಹುಡುಗಿ ನಾನು. ರೈಟರೊಬ್ಬರೇ ಒಂದು ದಿನ ಬಾಗಿಲಲ್ಲಿ ನಿಂತು, "ನೀನು ಆಡ್ತಿದ್ದೀಯೋ, ಬರೀತಿದ್ದೀಯೋ?" ಎಂದು ಕೇಳಿದರು. ಬರೆಯುತ್ತಿದ್ದೇನೆ ಎಂದೆ. "ಹಂಗಾದ್ರೆ ನೀನೂ ರೈಟ್ರೇ" ಎಂದು ಒಳಗೆ ಬಂದು ಕೂತರು. ಅವತ್ತಿನಿಂದ ನನ್ನ ಎಲ್ಲ ಆಟಗಳ ಮೊದಲ ಆಟಗಾರ ಅವರೇ.

ಓಡುವ, ಹಾರುವ, ಗುಂಡು ಹೊಡೆಯುವ ಆಟಗಳು ಅವರಿಗೆ ರುಚಿಸಲಿಲ್ಲ. ಅವರಿಗೆ ಹುಚ್ಚು ಹಿಡಿಸಿದ್ದು, 'ನಾನೊಂದು ಆಟ' ಎಂದು ಆಟಕ್ಕೇ ಗೊತ್ತಿರುವಂಥ ಆಟಗಳು. ಅಂಥವು ಬಹಳ ಇವೆ. ಒಂದರಲ್ಲಿ ಬೀಗ ಹಾಕಿದ ಬಾಗಿಲನ್ನು ಮೂರು ಸಲ ತಟ್ಟಿದರೆ, 'ಈ ಕೋಣೆಯನ್ನು ಆಟ ಬರೆದವರು ಇನ್ನೂ ಕಟ್ಟಿಲ್ಲ, ಸುಮ್ಮನೆ ಯಾಕೆ ತಟ್ಟುತ್ತೀರಿ?' ಎಂದು ಒಳಗಿನಿಂದ ದನಿ ಬರುತ್ತದೆ. ಇನ್ನೊಂದರಲ್ಲಿ ಒಬ್ಬ ಅಂಗಡಿಯವನಿದ್ದಾನೆ. ಸೋತವರು ಆಟವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅವನ ಬಳಿ ಹೋದರೆ, 'ನೀವು ಈಗಾಗಲೇ ಒಮ್ಮೆ ಬಂದು ಸತ್ತಿದ್ದೀರಿ, ನೆನಪಿಲ್ಲವೇ?' ಎನ್ನುತ್ತಾನೆ. ರೈಟರು ಅದನ್ನು ಕೇಳಿ ಫೋನು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. "ಎಂಥಾ ಅಂಗಡಿಯೋನು ಮಾರಾಯ್ತಿ! ನಿಮ್ಮಪ್ಪನಿಗೂ ಇಷ್ಟು ನೆನಪಿಲ್ಲ."

ಆಟವೊಂದು ಹೀಗೆ ತಿರುಗಿ ಆಡುವವರ ಮುಖ ನೋಡುವುದು ನಮ್ಮ ಕಸುಬಿನಲ್ಲಿ ಹಳೆಯ ಉಪಾಯ. 'ನಾನು ಬರೀ ಆಟ' ಎಂದು ಆಟವೇ ಒಪ್ಪಿಕೊಂಡ ಕೂಡಲೇ ಜನ ಅದನ್ನು ಇನ್ನಷ್ಟು ನಂಬುತ್ತಾರೆ. ತನ್ನ ಗುಟ್ಟನ್ನು ತಾನೇ ಹೇಳಿಕೊಂಡವನು ಇನ್ನೇನು ಮುಚ್ಚಿಟ್ಟಾನು ಎಂದು ಮೈಮರೆಯುತ್ತಾರೆ. ಆಗಲೇ ಹೊಡೆತ ಕೊಡಬೇಕು. ನಾನು ಇದನ್ನು ರೈಟರಿಗೆ ದೊಡ್ಡ ಜಾಣೆಯಂತೆ ವಿವರಿಸಿದೆ. ಅವರು ಕೇಳಿಸಿಕೊಂಡು, "ಅದೆಲ್ಲ ನಂಗೆ ಗೊತ್ತಾಗಲ್ಲ. ಅದು ನನ್ನ ನೋಡ್ತದೆ ಅಂದ್ಮೇಲೆ ನಾನು ನೆಟ್ಟಗೆ ಕೂರ್ಬೇಕಲ್ವಾ?" ಎಂದರು. ನಿಜವಾಗಿಯೂ ನೆಟ್ಟಗೆ ಕೂರುತ್ತಿದ್ದರು. ಆಟ ಶುರು ಮಾಡುವ ಮುಂಚೆ ಟವೆಲಿನಿಂದ ಕೈ ಒರೆಸಿಕೊಳ್ಳುವರು. ಆಟದೊಳಗಿನವರು ಮಾತಾಡುತ್ತಿರುವಾಗ ನಡುವೆ ಫೋನು ಮುಚ್ಚುತ್ತಿರಲಿಲ್ಲ. ಅಪ್ಪ ಊಟಕ್ಕೆ ಕರೆದರೆ, "ತಡೀರಿ, ಒಬ್ರು ಏನೋ ಕೇಳ್ತಿದ್ದಾರೆ" ಎನ್ನುವರು. ಅಂಗಡಿಯಲ್ಲಿ ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಸೋತರೆ ಮತ್ತೆ ಮೊದಲಿನಿಂದ ಆಡುವುದಕ್ಕೂ ಅವರು ಒಪ್ಪುತ್ತಿರಲಿಲ್ಲ. ಎಸ್ಟೇಟಿನ ಪುಸ್ತಕದಲ್ಲಿ ತಪ್ಪಾದರೆ ಕೆರೆದು ಅಳಿಸುವಂತಿಲ್ಲವಂತೆ. ಹಳೆಯದು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. "ತಪ್ಪು ಮಾಡಿದ್ದೂ ಗೊತ್ತಾಗ್ಬೇಕು, ತಿದ್ದಿದ್ದು ಯಾರು ಅಂತಾನೂ ಗೊತ್ತಾಗ್ಬೇಕು. ನಿನ್ನ ಆಟದಲ್ಲಿ ಯಾಕೆ ಹಂಗಿಲ್ಲ?" ಎಂದು ಕೇಳಿದ್ದರು. ಆ ಪ್ರಶ್ನೆಯಿಂದಲೇ ನನಗೆ ಮಳೆಪುಸ್ತಕದ ಆಟ ಹೊಳೆದದ್ದು. ಆಡುವವರು ಒಂದು ಎಸ್ಟೇಟಿನ ರೈಟರು. ಪ್ರತಿದಿನ ಬೆಳಿಗ್ಗೆ ಆಟ ಅವರನ್ನು ಕೇಳುತ್ತದೆ: 'ನೀವಿರುವ ಊರಿನಲ್ಲಿ ಇವತ್ತು ನಿಜವಾಗಿ ಎಷ್ಟು ಮಳೆಯಾಯಿತು?' ಹೊರಗಿನ ಮಳೆಯನ್ನು ಬರೆದರೆ ಒಳಗಿನ ತೋಟದಲ್ಲಿ ಅಷ್ಟೇ ಮಳೆ ಸುರಿಯುತ್ತದೆ.

ಆಟಕ್ಕೆ ಒಂದು ತಿರುವು ಬೇಕಾಗಿತ್ತು. ಒಂದು ಮಧ್ಯಾಹ್ನ, ಅಪ್ಪ ಊಟಕ್ಕೆ ಹೋಗಿದ್ದಾಗ, ತಮಾಷೆಗೆಂದು ಕೇಳಿದೆ: "ರೈಟ್ರೇ, ನೀವು ಯಾವತ್ತಾದ್ರೂ ಮಳೆಪುಸ್ತಕದಲ್ಲಿ ಸುಳ್ಳು ಬರ್ದಿದ್ದೀರಾ?"

ಅವರು ಟವೆಲನ್ನು ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಹೇಳಿದರು.

ಹೂಮಳೆಯ ಕಾಲ. ಕಾಫಿ ಗಿಡದ ಮೊಗ್ಗು ಅರಳಲು ಒಂದಿಂಚಾದರೂ ಮಳೆ ಬೀಳಬೇಕು. ಕಡಿಮೆ ಬಿದ್ದರೆ ತಕ್ಷಣ ಸ್ಪ್ರಿಂಕ್ಲರ್ ಹಾಕಿ ನೀರು ಕೊಡಬೇಕು, ಇಲ್ಲವಾದರೆ ಅರ್ಧ ಅರಳಿದ ಮೊಗ್ಗು ಸುಟ್ಟುಹೋಗುತ್ತದೆ. ಅವತ್ತು ಬೆಳಿಗ್ಗೆ ಅವರು ಮಾಪಕದ ಬಳಿ ಹೋಗುವುದು ತಡವಾಯಿತು. ಹೋಗಿ ನೋಡಿದರೆ ದನವೊಂದು ಅದನ್ನು ಕೆಡವಿತ್ತು. ಅವರು ಆಳುಗಳ ಲೈನ್ ಮನೆಯ ಸೂರಿನ ಕೆಳಗಿದ್ದ ಬಕೆಟ್ಟನ್ನು ನೋಡಿ, ಅಂದಾಜಿನ ಮೇಲೆ ಪುಸ್ತಕದಲ್ಲಿ ಒಂದಿಂಚು ಐದು ಸೆಂಟು ಎಂದು ಬರೆದರು. ತೋಟದ ಸಾಹುಕಾರರು ಪುಸ್ತಕ ನೋಡಿ, ಸಾಕು, ನೀರು ಬೇಡ ಎಂದರು. ತೋಟ ಸುತ್ತಿ ಬಂದ ಆಳುಗಳ ಉಸ್ತುವಾರಿಯ ಮೇಸ್ತ್ರಿ, "ನೆಲ ಒದ್ದೆಯಾಗಿಲ್ಲ ಸ್ವಾಮಿ, ಸ್ಪ್ರಿಂಕ್ಲರ್ ಇಂಜಿನ್ ಹಾಕ್ಬೇಕು" ಎಂದು ಎರಡು ಸಲ ಹೇಳಿದ. ಪುಸ್ತಕದಲ್ಲಿ ಇಂಚು ಇರುವಾಗ ಇವನು ಇಂಜಿನ್ ಎನ್ನುವುದು ಡೀಸೆಲ್ ಕದಿಯಲಿಕ್ಕೇ ಎಂದು ಸಾಹುಕಾರರು ಎಲ್ಲರೆದುರು ಅವನನ್ನು ಕಳ್ಳ, ಸುಳ್ಳ ಎಂದು ಬೈದರು. ರೈಟರು ಪಕ್ಕದಲ್ಲೇ, ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ಮೇಸ್ತ್ರಿ ಆ ವಾರವೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ತೋಟ ಬಿಟ್ಟ. ಮೊಗ್ಗು ಸುಟ್ಟದ್ದು ಆಮೇಲೆ ಎಲ್ಲರಿಗೂ ಕಂಡಿತು. ಮೇಸ್ತ್ರಿ ಎಲ್ಲಿ ಹೋದ ಎಂದು ಯಾರಿಗೂ ಗೊತ್ತಾಗಲಿಲ್ಲ.

"ಯಾರಿಗೂ ಹೇಳಿಲ್ಲ ಕಣಮ್ಮ. ಮನೇಲೂ ಹೇಳಿಲ್ಲ. ನೀನು ಕೇಳ್ದೆ, ಹೇಳ್ದೆ" ಎಂದರು. ಬೇರೆಯವರಿಗೆ ಹೇಳಬೇಡ ಎಂದು ಅವರು ಹೇಳಲಿಲ್ಲ. ನಾನು ಹೇಳುವೆನೆಂದು ಅವರಿಗೆ ತೋಚಿಯೇ ಇರಲಿಲ್ಲ.

ಇನ್ನು ನನ್ನ ಕೆಲಸದ ವಿಷಯ. ಸುತ್ತು ಹಾಕದೆ ಹೇಳುತ್ತೇನೆ. ಏಳನೆಯ ದಿನ ನನ್ನ ಆಟ ಕಥೆಯನ್ನು ನಿಲ್ಲಿಸಿ ಆಡುವವರ ಕಡೆ ತಿರುಗುತ್ತದೆ. 'ಇಷ್ಟು ದಿನ ನೀವು ಬರೆದದ್ದು ಸುಳ್ಳು. ನೀವು ಮಳೆಮಾಪಕ ನೋಡಿಲ್ಲ. ಬಕೆಟ್ಟು ನೋಡಿ ಬರೆದಿರಿ. ನಿಜ ಹೇಳಿದ ಮೇಸ್ತ್ರಿ ನಿಮ್ಮ ಸುಳ್ಳಿನಿಂದ ಊರು ಬಿಟ್ಟ. ಈಗಲಾದರೂ ನಿಜ ಬರೆಯಿರಿ' ಎನ್ನುತ್ತದೆ. ಕೆಳಗೆ ಬರೆಯಲು ಜಾಗ ತೆರೆದುಕೊಳ್ಳುತ್ತದೆ. ಅಲ್ಲಿ ಏನನ್ನೇ ಬರೆದರೂ ಆಟದ ಉತ್ತರ ಒಂದೇ: 'ಇದೂ ಸುಳ್ಳು. ಇನ್ನೊಮ್ಮೆ ಬರೆಯಿರಿ.' ಮೂಲೆಯಲ್ಲಿ 'ಆಟ ಬಿಟ್ಟು ಏಳಿ' ಎಂಬ ಗುಂಡಿ ಇದೆ. ಅದನ್ನು ಒತ್ತಿ ಹೊರಬಿದ್ದವರೇ ಗೆದ್ದವರು. ನಿಜವೆಂಬುದು ಫೋನಿನೊಳಗಿಲ್ಲ, ಎದ್ದು ಹೊರಗೆ ಹೋಗಿ ಮಳೆ ನೋಡಿ ಎಂಬುದು ನನ್ನ ಸಂದೇಶ. ಎಂಥ ಸಂದೇಶ! ಅದನ್ನು ಬರೆದ ದಿನ ನಾನು ಖುಷಿಯಿಂದ ಅಂಗಡಿಯವರಿಗೆಲ್ಲ ಜಿಲೇಬಿ ತರಿಸಿದ್ದೆ. ರೈಟರೂ ತಿಂದಿದ್ದರು.

ಆಟಕ್ಕೆ ಹೊಗಳಿಕೆ ಬಂತು. ಎಲ್ಲೆಲ್ಲಿಂದಲೋ ಜನ ಬರೆದರು: 'ನಾನು ಅಂದಾಜಿನಲ್ಲಿ ಬರೆದೆನೆಂದು ಆಟಕ್ಕೆ ಹೇಗೆ ಗೊತ್ತಾಯಿತು? ಮೈ ಜುಮ್ಮೆಂದಿತು.' ಗೊತ್ತಾಗಲು ಏನೂ ಇರಲಿಲ್ಲ. ಮಳೆಮಾಪಕ ಯಾರ ಮನೆಯಲ್ಲಿರುತ್ತದೆ? ಎಲ್ಲರೂ ಸುಳ್ಳು ಬರೆದೇ ಬರೆಯುತ್ತಾರೆಂದು ನನಗೆ ಗೊತ್ತಿತ್ತು, ಅದೇ ನನ್ನ ಜಾಣತನ. ಆದರೆ ಏಳೂ ದಿನ ಎಂಟು ಗಂಟೆಗೆ ಮಂಡಿ ಬಗ್ಗಿಸಿ, ಇದ್ದದ್ದನ್ನು ಇದ್ದ ಹಾಗೆ ಆಟದಲ್ಲಿ ಬರೆದ ಒಬ್ಬರಿದ್ದರು. ಅವರಿಗೂ ನನ್ನ ಆಟ, ನೀವು ಬರೆದದ್ದು ಸುಳ್ಳು ಎಂದಿತು. ಆಮೇಲೆ ಬಕೆಟ್ಟಿನ ಮಾತು ಎತ್ತಿತು. ನನಗೆ ಇದು ಮೊದಲೇ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ತಿಳಿದಿತ್ತು. ಅವರು ಏಳನೆಯ ದಿನದವರೆಗೆ ಆಡಲಿಕ್ಕಿಲ್ಲ ಎಂದುಕೊಂಡೆ. ಆಡಿದರೂ, ತಮ್ಮ ಕಥೆ ಆಟವಾಯಿತೆಂದು ಹೆಮ್ಮೆಪಟ್ಟಾರು ಎಂದುಕೊಂಡೆ. ಬೇಕಾದದ್ದನ್ನು ಅಂದುಕೊಳ್ಳಲು ಏನು ಕಷ್ಟ?

ಎಂಟನೆಯ ದಿನ ರೈಟರು ಬಂದರು. ಪೇಪರ್ ಮುಟ್ಟಲಿಲ್ಲ. ಎಷ್ಟಾಯ್ತು ಮಳೆ ಎಂದು ಅಪ್ಪ ಕೇಳಿದ್ದಕ್ಕೆ, "ನೋಡಿದ್ದೆ, ಮರ್ತೋಯ್ತು" ಎಂದರು. ಅವರು ಮಳೆ ಮರೆತದ್ದನ್ನು ನಾನು ಅದೊಂದೇ ಸಲ ಕಂಡದ್ದು. ನನ್ನ ಕೋಣೆಯ ಬಾಗಿಲಿಗೆ ಬಂದು, ಒಳಗೆ ಬರದೆ ನಿಂತರು.

"ಆಟ ಚೆನ್ನಾಗಿದೆ ಕಣಮ್ಮ."

"ಪೂರ್ತಿ ಆಡಿದ್ರಾ ರೈಟ್ರೇ?"

"ಇಲ್ಲ. ಇನ್ನೂ ಕೇಳ್ತಾ ಇದೆ."

ಅವರ ಮುಖದಲ್ಲಿ ಸಿಟ್ಟಿದ್ದರೆ ಒಳ್ಳೆಯದಿತ್ತು. ಪರೀಕ್ಷೆಯಲ್ಲಿ ಫೇಲಾದವರ ನಾಚಿಕೆ ಇತ್ತು. ಆ ಕ್ಷಣದಲ್ಲಿ ಒಂದು ಮಾತು ಸಾಕಾಗಿತ್ತು: ಆ ಗುಂಡಿ ಒತ್ತಿ, ಅದು ಬರೀ ಉಪಾಯ, ನನ್ನದು ತಪ್ಪಾಯಿತು. ಹೇಳಲಿಲ್ಲ. ಗುಟ್ಟು ಬಿಟ್ಟುಕೊಟ್ಟರೆ ಆಟದ ಸ್ವಾರಸ್ಯ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಕಾರಣ ಅದಲ್ಲ. ತಪ್ಪಾಯಿತು ಎಂದರೆ, ನಿಮ್ಮ ಗುಟ್ಟನ್ನು ತಿಳಿದೂ ತಿಳಿದೂ ಬಳಸಿದೆ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ನಾನು ನಕ್ಕು, "ಯೋಚ್ನೆ ಮಾಡಿ ರೈಟ್ರೇ, ಗೊತ್ತಾಗ್ತದೆ" ಎಂದೆ. ಅವರು ತಲೆಯಾಡಿಸಿ ಹೋದರು.

ಆಮೇಲೆ ವಾರಕ್ಕೊಮ್ಮೆ ಬಂದರು, ಆಮೇಲೆ ಬರಲಿಲ್ಲ. ಮಂಡಿನೋವು ಎಂದು ಅಪ್ಪ ಹೇಳಿದರು. ಹೋಗಿ ಮಾತಾಡಿಸಬೇಕೆಂದು ಹೊರಟ ದಿನಗಳೂ ಇವೆ. ಒಮ್ಮೆ ಅವರ ಗೇಟಿನವರೆಗೆ ಹೋದೆ. ತಾರಸಿಯ ಮೇಲೆ ಅವರು ಕೈಪಿಡಿ ಗೋಡೆ ಹಿಡಿದುಕೊಂಡು ಮೆಲ್ಲಗೆ ಮಂಡಿ ಬಗ್ಗಿಸುತ್ತಿದ್ದರು. ಅವರು ಎದ್ದು ನಿಲ್ಲುವುದರೊಳಗೆ ವಾಪಸು ಬಂದೆ. ಬೀದಿ ಬದಲಿಸಿದ್ದು ಅವತ್ತಿನಿಂದ.

ಗಿರಾಕಿ ಸುದ್ದಿ ಹೇಳಿ ಹೋದ ಮರುದಿನ ಅವರ ಮನೆಗೆ ಹೋದೆ. ಮಗಳು ಬಾಗಿಲು ತೆಗೆದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು, ಅಕ್ಕ ಎನ್ನುತ್ತೇನೆ. "ಬನ್ನಿ, ನಾನೇ ನಿಮ್ಮನ್ನ ನೋಡ್ಬೇಕಿತ್ತು" ಎಂದು ಕಾಫಿ ತಂದಿಟ್ಟು, ರೈಟರ ಫೋನನ್ನು ಎದುರಿಗೆ ಇಟ್ಟರು.

"ಅಪ್ಪ ಆಸ್ಪತ್ರೆಗೆ ಸೇರೋ ಹಿಂದಿನ ದಿನದವರೆಗೂ ಇದ್ರಲ್ಲೇ ಏನೋ ಬರೀತಾ ಕೂರ್ತಿದ್ರು. ಏನಪ್ಪಾ ಅಂದ್ರೆ, ಒಂದ್ ವಿಷ್ಯ ಕೇಳಿದ್ದಾರೆ, ಹೇಳಿ ಮುಗಿಸ್ಬೇಕು ಅಂತಿದ್ರು. ಆಟದ ಮಧ್ಯೆ ಎದ್ರೆ ತಪ್ಪಿಸ್ಕೊಂಡಂಗೆ ಆಗ್ತದಂತೆ. ಇದು ನೀವು ಮಾಡಿದ್ದಲ್ವಾ? ನಂಗೆ ತೆಗೆಯೋಕೆ ಗೊತ್ತಾಗ್ಲಿಲ್ಲ."

ನಾನು ತೆರೆದೆ. ಏಳನೆಯ ದಿನದ ಪುಟ. ಬರೆದದ್ದೆಲ್ಲ ತಾರೀಕಿನ ಸಮೇತ ಉಳಿಯುವ ಹಾಗೆ ಆಟವನ್ನು ಕಟ್ಟಿದವಳು ನಾನೇ. ಎಂಟು ತಿಂಗಳ ಬರವಣಿಗೆ ಇತ್ತು. ಅಕ್ಕ ಪಕ್ಕಕ್ಕೆ ಬಂದು ನನ್ನ ಜೊತೆಗೇ ಓದಿದರು.

'ಆ ದಿನ ನಾನು ಮಾಪಕ ನೋಡಲಿಲ್ಲ. ಬಕೆಟ್ಟು ನೋಡಿ ಬರೆದೆ.' ಕೆಳಗೆ: ಇದೂ ಸುಳ್ಳು. ಇನ್ನೊಮ್ಮೆ ಬರೆಯಿರಿ.

'ಈ ಏಳು ದಿನದ ಮಳೆ ನೋಡಿಯೇ ಬರೆದಿದ್ದೇನೆ. ಆ ಒಂದು ದಿನದ್ದು ಮಾತ್ರ ಸುಳ್ಳು.' ಇದೂ ಸುಳ್ಳು.

'ಮೇಸ್ತ್ರಿ ನಿಜ ಹೇಳಿದ್ದ. ನಾನು ಪಕ್ಕದಲ್ಲಿದ್ದೆ. ಬಾಯಿ ಬಿಡಲಿಲ್ಲ.' ಇದೂ ಸುಳ್ಳು.

'ಮಗಳಿಗೆ ರಾತ್ರಿಯಿಡೀ ಜ್ವರ. ಮಡಿಲಲ್ಲಿ ಮಲಗಿದ್ದಳು. ಎದ್ದರೆ ಎಚ್ಚರವಾದಾಳೆಂದು ಎಂಟು ಗಂಟೆ ಮೀರುವವರೆಗೂ ಏಳಲಿಲ್ಲ. ಇದನ್ನು ನೆಪವೆಂದು ಹೇಳುತ್ತಿಲ್ಲ.' ಇದೂ ಸುಳ್ಳು.

ಈ ಮಾತನ್ನು ಅವರು ನನಗೂ ಹೇಳಿರಲಿಲ್ಲ. ಅಕ್ಕ ಆ ಸಾಲನ್ನು ಇನ್ನೊಮ್ಮೆ ಓದಿದರು. ಪುಟ ಇನ್ನೂ ಇತ್ತು.

'ನಿಜ ಹೇಳಿದರೂ ಸುಳ್ಳು ಅನ್ನಿಸಿಕೊಳ್ಳುವುದು ಹೇಗಿರುತ್ತದೆ ಎಂದು ಈಗ ಗೊತ್ತಾಯಿತು. ಮೇಸ್ತ್ರಿಗೂ ಹೀಗೇ ಆಗಿರಬೇಕು.' ಇದೂ ಸುಳ್ಳು.

ಕೊನೆಯದು ಆಸ್ಪತ್ರೆಗೆ ಸೇರುವ ಹಿಂದಿನ ದಿನದ್ದು. 'ನನಗೆ ಗೊತ್ತಿರುವುದು ಇಷ್ಟೇ. ಇನ್ನೇನು ಬರೆಯಲಿ, ನೀನೇ ಹೇಳಮ್ಮ.' ಅದಕ್ಕೂ ಅದೇ ಉತ್ತರ ಇತ್ತು.

ಅಕ್ಕ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು:

"ಈ ಉತ್ತರ ಕೊಡ್ತಿದ್ದಿದ್ದು ಯಾರು? ಫೋನಾ, ನೀವಾ?"

ಫೋನು ಎಂದಿದ್ದರೆ ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ನನ್ನ ಕಸುಬಿನ ಯಾರನ್ನು ಕೇಳಿದರೂ ಅದೇ ಸರಿಯಾದ ಉತ್ತರ.

"ನಾನೇ ಅಕ್ಕ" ಎಂದೆ.

ಅವರು ಬೈಯುತ್ತಾರೆಂದು ಕಾದೆ. ಅವರು ಫೋನನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಅದರ ಮೇಲೆ ತಾವೇ ಮಡಿಸಿದರು.

"ಹಂಗಾದ್ರೆ ಸರಿಯಾದ ಉತ್ತರ ಬರೀರಿ. ಅಪ್ಪ ಕೇಳಿದ್ದಾರಲ್ಲ" ಎಂದು ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು.